ಚೋರ್ ಬಜಾರಿನ ಕೋಟು

ಹೋದ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ನಮ್ಮ ಆಫೀಸಿನ ಜವಾನ ಸಿದ್ರಾಮ ನನಗೆ ಸಲಾಮು ಹೊಡೆದ.

ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಸಿದ್ರಾಮನನ್ನು ನೋಡಿಲ್ಲ. ನಾನು ಈ ಆಫೀಸು ಸೇರಿ ಏಳು ವರ್ಷವಾಯಿತು. ಏಳು ವರ್ಷವೂ ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದಾನೆ. ನನ್ನಂಥ ಗುಮಾಸ್ತರು ಒಳಗೆ ಹೋದರೆ ತಲೆಯನ್ನು ಒಂದು ಅಂಗುಲ ಅಲ್ಲಾಡಿಸುತ್ತಾನೆ. (ದೀಪಾವಳಿಯ ಹಿಂದಿನ ದಿನ ಎರಡು ಅಂಗುಲ.) ಸಲಾಮು ಏನಿದ್ದರೂ ಮಹಡಿಯ ಮೇಲಿನವರಿಗೆ.

ಅಂದು ಅವನು ಎದ್ದು ನಿಂತ. ಹಿಮ್ಮಡಿ ಜೋಡಿಸಿದ. ಬಲಗೈ ಹಣೆಗೆ ಹೋಯಿತು. ಯಾರೋ ದೊಡ್ಡವರು ಬರುತ್ತಿರಬೇಕೆಂದು ನಾನು ಹಿಂತಿರುಗಿ ನೋಡಿದೆ. ಯಾರೂ ಇರಲಿಲ್ಲ. ಸಲಾಮು ನನ್ನದೇ.

ಏಳು ವರ್ಷ ಸಿಗದ ಸಲಾಮು ಒಂದು ಬೆಳಿಗ್ಗೆ ಹೇಗೆ ಸಿಕ್ಕಿತು? ಅದನ್ನು ಹೇಳಬೇಕಾದರೆ ನಮ್ಮ ಸಾಹೇಬರಿಂದ ಶುರು ಮಾಡಬೇಕು.

ನಮ್ಮದು ವಿಲಾಯತಿನಿಂದ ಪಂಪು, ಪೈಪು ತರಿಸಿ ಮಾರುವ ಕಂಪನಿ. ಆಫೀಸು ಫೋರ್ಟಿನಲ್ಲಿ. ಸ್ವಾತಂತ್ರ್ಯ ಬಂದ ಮರುವರ್ಷ ಗೋರಾ ಸಾಹೇಬ ಹಡಗು ಹತ್ತಿದ. ಅವನ ಕುರ್ಚಿಯಲ್ಲಿ ನಮ್ಮವರೇ ಒಬ್ಬರು ಬಂದು ಕೂತರು. ಗೋರಾ ಸಾಹೇಬ ಬೇಸಿಗೆಯಲ್ಲಿ ಕೋಟು ಬಿಚ್ಚಿ ಕುರ್ಚಿಗೆ ಹಾಕುತ್ತಿದ್ದನಂತೆ. ನಮ್ಮ ಸಾಹೇಬರು ಬಿಚ್ಚುವುದಿಲ್ಲ. ಅವನು ಕೋಟು ಬಿಚ್ಚಿದರೂ ಸಾಹೇಬನೇ. ಇವರಿಗೆ ತಮ್ಮ ಬಗ್ಗೆ ಅಷ್ಟು ನಂಬಿಕೆ ಇಲ್ಲವೋ ಏನೋ.

ಮಾರ್ಚಿನಲ್ಲಿ ಮುಂದಿನ ಟೇಬಲ್ಲಿನ ಗುಮಾಸ್ತರು ನಿವೃತ್ತರಾದರು. ಮುಂದಿನ ಟೇಬಲ್ ಎಂದರೆ ಗಿರಾಕಿಗಳು ಬಂದು ಕೂರುವ ಜಾಗ. ಮೇಲೆ ಫ್ಯಾನು, ಪಕ್ಕದಲ್ಲಿ ಟೆಲಿಫೋನು, ಎದುರಿಗೆ ಕಿಟಕಿ. ನಾನು ಏಳು ವರ್ಷ ಕೂತದ್ದು ಹಿಂದಿನ ಕೋಣೆಯಲ್ಲಿ, ಪೈಪಿನ ಪೆಟ್ಟಿಗೆಗಳ ನಡುವೆ. ಸರದಿಯ ಪ್ರಕಾರ ಆ ಟೇಬಲ್ ನನಗೆ ಬರಬೇಕು. ಸಾಹೇಬರು ಕರೆಸಿದರು. ನನ್ನ ಕರಿ ಟೋಪಿಯಿಂದ ಶುರುಮಾಡಿ ಶರ್ಟು, ಧೋತರ ಎಲ್ಲ ನೋಡುತ್ತ ಚಪ್ಪಲಿಯವರೆಗೆ ಇಳಿದರು. ಮತ್ತೆ ಮೇಲಕ್ಕೆ ಹತ್ತಿದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

“ಮಿಸ್ಟರ್ ಕುಲಕರ್ಣಿ, ನಿಮ್ಮ ಕೆಲಸ ಗುಡ್. ಆದರೆ ಮುಂದಿನ ಟೇಬಲ್ ಅಂದರೆ ಕಂಪನಿಯ ಮುಖ. ಆ ಮುಖಕ್ಕೆ ಧೋತರ ಒಪ್ಪುವುದಿಲ್ಲ.”

ಧೋತರವನ್ನು ಯಾರೂ ಮುಖಕ್ಕೆ ಉಡುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೆಂಡತಿಯಿರುವವನು ಮನಸ್ಸಿಗೆ ಬಂದದ್ದೆಲ್ಲ ಹೇಳುವುದಿಲ್ಲ.

“ಏಪ್ರಿಲ್‌ನಿಂದ ಪ್ಯಾಂಟು, ಕೋಟು, ಟೈ. ಇಲ್ಲವಾದರೆ ನಾನು ಬೇರೆಯವರನ್ನು ನೋಡಬೇಕಾಗುತ್ತದೆ.”

ಘಾಟ್ಕೋಪರ್‌ನ ನಮ್ಮ ಚಾಳಿಗೆ ಬಂದು ಸುಶೀಲಾಳಿಗೆ ವಿಷಯ ಹೇಳಿದೆ. ಧಾರವಾಡದ ಕಡೆಯವಳು, ಯಾವ ಸುದ್ದಿ ಕೇಳಿದರೂ ಕೈಯಲ್ಲಿನ ಕೆಲಸ ನಿಲ್ಲಿಸುವುದಿಲ್ಲ. ಅಂದು ನಿಲ್ಲಿಸಿದಳು.

“ಪ್ಯಾಂಟನ್ಯಾಗ ನಿಮ್ಮ ಕಾಲು ಹೆಂಗ ಕಾಣ್ತಾವೋ ಏನೋ. ಅಷ್ಟ್ ಸಣ್ಣ ಕಾಲು. ಇಷ್ಟ್ ದಿನಾ ಧೋತರ ಮಾನಾ ಕಾಯ್ದೈತಿ.”

“ಕಾಲಿನ ಮಾತು ಬಿಡು. ಕೋಟಿಗೆ ಏನು ಮಾಡೋಣು?”

ಪ್ಯಾಂಟಿನದು ದೊಡ್ಡ ಸಮಸ್ಯೆಯಲ್ಲ. ಚಾಳಿನ ಕೆಳಗೇ ದರ್ಜಿಯಿದ್ದ. ಟೈಯನ್ನು ಕೊಡಲು ಶೀನಣ್ಣ ಇದ್ದರು. ಆದರೆ ಉಣ್ಣೆಯ ಕೋಟು ಹೊಲಿಸುವುದು ನನ್ನಂಥ ಸಂಬಳದವನ ಮಾತಲ್ಲ.

ಶೀನಣ್ಣ ಯಾರೆಂದು ಹೇಳಿಬಿಡುತ್ತೇನೆ. ಉಡುಪಿಯವರು. ನಮ್ಮ ಸ್ಟೇಷನ್ನಿನ ಹೊರಗಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ವಾರದ ಆರು ದಿನ ಒಂದು ಬನಿಯನ್ನು, ಒಂದು ಮುಂಡು. ರವಿವಾರ ಮಧ್ಯಾಹ್ನ ಅದೇ ಮನುಷ್ಯ ಬಿಳಿ ಪ್ಯಾಂಟು, ಎರಡು ಬಣ್ಣದ ಬೂಟು, ಕೊರಳಿಗೆ ರೇಷ್ಮೆಯ ರುಮಾಲು ಹಾಕಿಕೊಂಡು ಮ್ಯಾಟಿನಿ ಶೋಗೆ ಹೊರಟರೆ ಅವರದೇ ಹೋಟೆಲಿನ ಮಾಣಿಗಳು ಗುರುತಿಸದೆ “ಕ್ಯಾ ಚಾಹಿಯೆ ಸಾಬ್” ಎಂದು ಕೇಳಿದ್ದುಂಟು. ಬಟ್ಟೆಯ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು.

“ಹೊಸತು ಯಾಕೆ ಮಾರಾಯ್ರೆ?” ಎಂದರು. “ಮುಂಬಯಿಯಲ್ಲಿ ಎಂತೆಂತ ಉಂಟೋ, ಅದೆಲ್ಲ ಚೋರ್ ಬಜಾರಿನಲ್ಲಿ ಇನ್ನೊಮ್ಮೆ ಉಂಟು. ಶನಿವಾರ ಹೋಗುವ.”

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಹೋದೆವು. ಗ್ರಾಮಫೋನಿನ ಕಹಳೆ, ಒಂಟಿ ಬೂಟು, ಯಾರದೋ ಅಜ್ಜಿಯ ಫೋಟೋ, ಬಾತ್‌ಟಬ್ಬು ಎಲ್ಲ ದಾಟಿ ಹಳೇ ಬಟ್ಟೆಯ ಗಲ್ಲಿಗೆ ಬಂದರೆ ಅಲ್ಲಿ ಕೋಟುಗಳೇ ಕೋಟುಗಳು. ಪ್ರತಿಯೊಂದೂ ಗೋರಾ ಸಾಹೇಬನದೇ. ಅಂಗಡಿಯವನು ಆಣೆ ಮಾಡಿ ಹೇಳಿದ: ಇದು ಕರ್ನಲ್ ಸಾಹೇಬನದು, ಇದು ಜಜ್ ಸಾಹೇಬನದು, ಇದು ಲಾಟ್ ಸಾಹೇಬನ ಮಾವನದು. ಆ ಗಲ್ಲಿಯಲ್ಲಿ ತೂಗುತ್ತಿದ್ದ ಕೋಟುಗಳಿಗೆಲ್ಲ ಒಬ್ಬೊಬ್ಬ ಗೋರಾ ನಿಜವಾಗಿ ಇದ್ದಿದ್ದರೆ, ಅವರನ್ನು ಕಳಿಸಲು ನಮ್ಮಲ್ಲಿ ಅಷ್ಟು ಹಡಗುಗಳೆಲ್ಲಿದ್ದವು?

ಶೀನಣ್ಣ ಏಳೆಂಟು ಕೋಟುಗಳನ್ನು ಬೆಳಕಿಗೆ ಹಿಡಿದು, ಕಂಕುಳನ್ನು ಮೂಸಿ, ಪಕ್ಕಕ್ಕೆಸೆದರು. ಕೊನೆಗೊಂದನ್ನು ಎಸೆಯಲಿಲ್ಲ. ಬೂದಿ ಬಣ್ಣದ ಉಣ್ಣೆಯ ಕೋಟು. ನುಸಿಗುಳಿಗೆಯ ವಾಸನೆ ಬಿಟ್ಟರೆ ಒಂದು ಕಲೆಯಿಲ್ಲ, ಒಂದು ತೂತಿಲ್ಲ. ಒಳಜೇಬಿನ ಅಸ್ತರು ಮಾತ್ರ ಒಂದು ಕಡೆ ಹರಿದಿತ್ತು. ಯಾರೋ ಕೆಂಪು ದಾರದಿಂದ ದಪ್ಪ ದಪ್ಪ ಹೊಲಿಗೆ ಹಾಕಿದ್ದರು.

ಹಾಕಿಕೊಂಡೆ. ಭುಜ ಭುಜದಲ್ಲಿ ಕೂತಿತು, ತೋಳು ಮಣಿಕಟ್ಟಿಗೆ ಬಂದು ನಿಂತಿತು. ಶೀನಣ್ಣ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಈಗ ನಿಮ್ಮನ್ನು ಏಕವಚನದಲ್ಲಿ ಮಾತಾಡಿಸಲಿಕ್ಕೆ ಯಾರಿಗೂ ಧೈರ್ಯ ಬರ್ಲಿಕ್ಕಿಲ್ಲ” ಎಂದರು. ಚೌಕಾಶಿ ಮಾಡಿದ್ದೂ ಅವರೇ. ಮುಗಿದ ಮೇಲೆ ಅಂಗಡಿಯವನು ಬೇಸರದಿಂದಲೋ ಪ್ರೀತಿಯಿಂದಲೋ ದೊಡ್ಡ ಎಲೆಗಳ ಚಿತ್ರವಿದ್ದ ಒಂದು ಹಳೇ ಪರದೆಯ ಬಟ್ಟೆಯನ್ನೂ ಮೇಲಿಂದ ಎಸೆದ.

ಆ ಪರದೆಯಿಂದ ಸುಶೀಲಾ ನೆರೆಮನೆಯ ಹೊಲಿಗೆ ಮಷೀನಿನಲ್ಲಿ ನನಗೊಂದು ಬುಶ್ ಶರ್ಟು ಹೊಲಿದಳು. ವಾರಕ್ಕೆ ಕೋಟು, ರವಿವಾರಕ್ಕೆ ಬುಶ್ ಶರ್ಟು. ಉಳಿದ ತುಂಡನ್ನು ಬಾಗಿಲಿಗೆ ಕಟ್ಟಿದಳು. (ಈಗ ರವಿವಾರ ನಾನು ಬಾಗಿಲಲ್ಲಿ ನಿಂತರೆ ಚಾಳಿನವರಿಗೆ ತಲೆಯೊಂದೇ ಕಾಣಿಸುತ್ತದೆ.)

ಹೀಗೆ ಆ ಸೋಮವಾರ ಬಂತು. ಏಪ್ರಿಲ್ ತಿಂಗಳು, ಉಣ್ಣೆಯ ಕೋಟು, ಮುಂಬಯಿಯ ಬೆವರು. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಅಜ್ಜಿ ಯಾವ ಕೋರ್ಟಿನಲ್ಲಿ ಖಟ್ಲೆ ಎಂದು ಕೇಳಿದಳು. ಲೋಕಲ್‌ನ ಥರ್ಡ್ ಕ್ಲಾಸಿನಲ್ಲಿ ಮುಂಬಯಿ ಯಾರಿಗೆ ಸೇರಬೇಕು ಎಂಬ ದಿನದ ಜಗಳ ನಡೆದಿತ್ತು. ನನ್ನನ್ನು ನೋಡಿ ಇಬ್ಬರು ಜಗಳ ನಿಲ್ಲಿಸಿ, “ಸಾಹೇಬ್, ತುಮ್ಚಂ ಕಾಯ್ ಮತ್?” ಎಂದು ನನ್ನ ಅಭಿಪ್ರಾಯ ಕೇಳಿದರು. ಅದೇ ಗಾಡಿ, ಅದೇ ಜನ. ಏಳು ವರ್ಷದಲ್ಲಿ ನನಗೆ ಅಭಿಪ್ರಾಯವಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಆಮೇಲೆ ಆಫೀಸಿನ ಬಾಗಿಲು. ಆಮೇಲೆ ಸಿದ್ರಾಮನ ಸಲಾಮು.

ಮುಂದಿನ ಹದಿನೈದು ದಿನ ನಾನು ಮನುಷ್ಯನಾಗಿರಲಿಲ್ಲ, ಕೋಟಾಗಿದ್ದೆ. ನಮ್ಮ ಚಾಳಿನ ನಲ್ಲಿ ಹೋದ ಮಳೆಗಾಲದಿಂದ ಕೆಟ್ಟಿತ್ತು. ಮಾಲಕರ ಗುಮಾಸ್ತನಿಗೆ ಹನ್ನೆರಡು ಸಲ ಹೇಳಿದ್ದೆ. ಹದಿಮೂರನೆಯ ಸಲ ಕೋಟಿನಲ್ಲಿ ಹೋದೆ. ಅವನು ಎದ್ದು ಕುರ್ಚಿ ಕೊಟ್ಟು, “ಅರೆ ಸಾಹಬ್, ಮೊದಲೇ ಹೇಳಬಾರದೆ?” ಎಂದು ಹಿಂದಿಯಲ್ಲಿ ನೊಂದುಕೊಂಡ. ಮರುದಿನ ನೀರು ಬಂತು. ಚಾಳಿನ ಹೆಂಗಸರು ನನ್ನನ್ನು ಹೊಗಳಿದರು. ಸುಶೀಲಾ ಕೋಟಿಗೆ ಬ್ರಷ್ ಹಾಕಿದಳು.

ನಮ್ಮ ಕನ್ನಡ ಸಂಘದಲ್ಲೂ ಹಾಗೇ. ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುವವನು ನಾನು. ಒಂದು ರವಿವಾರ ಸುಶೀಲಾ ಬುಶ್ ಶರ್ಟು ಬೇಡವೆಂದು ಕೋಟು ಹಾಕಿಸಿ ಕರೆದುಕೊಂಡು ಹೋದಳು. ಅಧ್ಯಕ್ಷರಾಗಬೇಕಾದವರು ಬಂದಿರಲಿಲ್ಲ. ಕಾರ್ಯದರ್ಶಿಗಳು ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. ಕಣ್ಣು ನನ್ನ ಕೋಟಿನ ಮೇಲೆ ನಿಂತಿತು. ಐದು ನಿಮಿಷದಲ್ಲಿ ನಾನು ವೇದಿಕೆಯ ಮೇಲೆ, ಕೊರಳಲ್ಲಿ ಹಾರ. ಅಂದಿನ ಉಪನ್ಯಾಸದ ವಿಷಯ “ಸರಳ ಜೀವನ”. ಕೋಟಿನೊಳಗೆ ಬೇಯುತ್ತ, ಮನುಷ್ಯನಿಗೆ ಆಡಂಬರ ಬೇಡ ಎಂದು ನಾನೂ ಹತ್ತು ನಿಮಿಷ ಹೇಳಿದೆ. ಚಪ್ಪಾಳೆ ಬಿತ್ತು.

ಇಷ್ಟಾದ ಮೇಲೆ ತಲೆ ತಿರುಗದೆ ಇರುತ್ತದೆಯೆ? ಕೋಟನ್ನು ಮರೆತೆ, ಗೌರವವೆಲ್ಲ ನನ್ನದೇ, ಇಷ್ಟು ದಿನ ಜನಕ್ಕೆ ಕಣ್ಣಿರಲಿಲ್ಲ ಎಂದುಕೊಂಡೆ. ಸಿದ್ರಾಮನ ಸಲಾಮು ಮಾತ್ರ ದಿನವೂ ತಪ್ಪದೆ ಬರುತ್ತಿತ್ತು. ಅದರ ರುಚಿ ಹತ್ತಿಬಿಟ್ಟಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನೊಬ್ಬನೇ ಇದ್ದಾಗ ಹತ್ತಿರ ಹೋಗಿ ನಿಂತೆ. ಅವನ ಬಾಯಿಂದ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳುವ ಆಸೆ.

“ಏನಪಾ ಸಿದ್ರಾಮ, ಇತ್ತೀಚೆಗೆ ಭಾಳ ಮರ್ಯಾದಿ ಕೊಡಾಕತ್ತಿ?”

ಸಿದ್ರಾಮ ಜತ್ತ ತಾಲೂಕಿನವನು. ಅವನ ಕನ್ನಡದಲ್ಲಿ ಅರ್ಧ ಮರಾಠಿ. ಇಪ್ಪತ್ತು ವರ್ಷದಿಂದ ಈ ಆಫೀಸಿನಲ್ಲಿದ್ದಾನೆ. ನನ್ನ ಮಾತಿಗೆ ಎದ್ದು ನಿಂತ.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ್ ಕೇಳ್ಲ್ಯಾ?”

“ಕೇಳು.”

“ಒಳಗಿನ ಕಿಸೆದಾಗ ಕೆಂಪು ದಾರದ ಹೊಲಿಗಿ ಐತಲ್ರಿ, ಅದು ಇನ್ನಾ ಗಟ್ಟಿ ಐತೇನ್ರಿ?”

ನನ್ನ ಕೈ ತಾನಾಗಿ ಎದೆಗೆ ಹೋಯಿತು. ಕೋಟು ಗುಂಡಿ ಹಾಕಿತ್ತು. ಒಳಜೇಬು ಹೊರಗಿನವರಿಗೆ ಕಾಣುವ ವಸ್ತುವಲ್ಲ.

“ನಿನಗ ಹೆಂಗ ಗೊತ್ತು?”

“ಆ ಹೊಲಿಗಿ ನಾನ ಹಾಕೀನ್ರಿ.”

ಕೋಟು ಗೋರಾ ಸಾಹೇಬನದೇ ಆಗಿತ್ತು. ಅಂಗಡಿಯವನು ತನಗೇ ತಿಳಿಯದೆ ಒಂದು ನಿಜ ಹೇಳಿದ್ದ. ನಮ್ಮ ಆಫೀಸಿನ ಗೋರಾ ಸಾಹೇಬ ಹಡಗು ಹತ್ತುವ ದಿನ ಅದನ್ನು ಬಿಚ್ಚಿ, ಹತ್ತಿರ ಹತ್ತಿರ ಹನ್ನೆರಡು ವರ್ಷ ತನ್ನ ಚಹಾ ತಂದು ಕೊಟ್ಟ ಸಿದ್ರಾಮನಿಗೆ ತಾನೇ ತೊಡಿಸಿದ್ದ. ಸಿದ್ರಾಮ ಮೈಯಲ್ಲಿ ನನ್ನಷ್ಟೇ ಇದ್ದಾನೆ. ಅವನಿಗೂ ಅದು ಹೊಲಿಸಿದಂತೆ ಕೂತಿತ್ತು.

“ಮತ್ತ ಹಾಕ್ಕೊಳ್ಳಲಿಲ್ಲೇನು?” ಎಂದು ಕೇಳಿದೆ.

“ಒಂದ ಸಲ ಹಾಕ್ಕೊಂಡೇನ್ರಿ. ತಂಗಿ ಮಗನ ಲಗ್ನಕ್ಕ. ಮುಂಬೈದಾಗ ಹಾಕ್ಕೊಳ್ಳಾಕ ನಾಚಿಕಿ ಬಂತು. ಊರಾಗಾದ್ರೂ ಹಾಕ್ಕೊಂಡು ತೋರ್ಸೂಣು ಅಂತ ಗಾಡಿ ಇಳಿಯೂ ಮುಂದ ಮೈಮ್ಯಾಲ ಹಾಕ್ಕೊಂಡೆ. ಸ್ಟೇಷನ್ನಿನ ಹೊರಗ ಪೊಲೀಸನವ ಹಿಡದ. ಕೆಳಗ ಧೋತರ, ಕಾಲಾಗ ಹರಕು ಚಪ್ಪಲಿ, ಮ್ಯಾಲ ಇದು. ಎಲ್ಲಿ ಕದ್ದಿ ಅಂದ. ಸಾಹೇಬ್ರು ಕೊಟ್ಟಾರ ಅಂದೆ. ಯಾವ ಸಾಹೇಬ ಅಂದ. ವಿಲಾಯತಿಗೆ ಹೋಗ್ಯಾರ ಅಂದೆ. ನಕ್ಕ.”

ಸಿದ್ರಾಮ ಬಾಗಿಲ ಕಡೆ ಒಮ್ಮೆ ನೋಡಿ ಮುಂದುವರಿಸಿದ.

“ಕಿಸೆದಾಗ ಕೈಹಾಕಿ ಜಗ್ಗಿದ, ಆವಾಗ ಹರೀತ್ರಿ ಅದು. ಚೌಕಿದಾಗ ಸಂಜೀತನಾ ಕುಂಡ್ರಿಸಿದ್ರು. ಊರ ಪಾಟೀಲ ಬಂದು, ಇಂವ ನಮ್ಮವ, ಕಳ್ಳ ಅಲ್ಲ ಅಂತ ಹೇಳಿ ಬಿಡಿಸ್ಕೊಂಡ್ರು. ಅಷ್ಟೊತ್ತಿಗೆ ಲಗ್ನದ ಅಕ್ಕಿಕಾಳು ಬಿದ್ದು, ಊಟಾನೂ ಮುಗಿದಿತ್ತು. ಪಾಟೀಲ್ರೂ ಹಾದ್ಯಾಗ ಬೈದ್ರು. ನಿನ್ನಂತಾವ ಇಂಥಾದು ಯಾಕ ಹಾಕ್ಕೋಬೇಕಲೇ ಅಂತ.”

ಆಮೇಲೆ ಕೋಟು ಟ್ರಂಕು ಸೇರಿತು. ವರ್ಷಕ್ಕೊಮ್ಮೆ ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಹೊಸ ನುಸಿಗುಳಿಗೆ ಇಟ್ಟು ಮುಚ್ಚುತ್ತಿದ್ದನಂತೆ. ಭಾಂಡುಪ್‌ನಲ್ಲಿ ಅವನದು ಒಂದೇ ಕೋಣೆ. ಟ್ರಂಕಿಗೆ ಕಾಲು ತಾಗಿದಾಗಲೆಲ್ಲ ಹೆಂಡತಿ ಗೊಣಗುತ್ತಿದ್ದಳು. ಹೋದ ದೀಪಾವಳಿಯಲ್ಲಿ, ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಓಣಿಗೆ ಬಂದಾಗ, ಅವಳಿಗೆ ಕೋಟು ಕೊಟ್ಟು ಒಂದು ಹಿತ್ತಾಳೆಯ ಕೊಡ ತೆಗೆದುಕೊಂಡಳು.

“ಕೊಡ ಚಲೋ ಐತ್ರಿ,” ಎಂದ ಸಿದ್ರಾಮ. “ಅದನ್ನ ಹೊತ್ಕೊಂಡ್ರ ಯಾರೂ ಏನೂ ಕೇಳೂದಿಲ್ಲ.”

“ಮತ್ತ ಈ ಸಲಾಮು?”

“ಅವತ್ತ ನೀವು ಮೆಟ್ಟಿಲಾ ಹತ್ತಿ ಬರೂ ಮುಂದ ಬಿಸಲು ಕಣ್ಣಿಗೆ ಬಡೀತಿತ್ರಿ. ಮಾರಿ ಕಾಣಲಿಲ್ಲ. ಕೋಟು ಕಾಣಿಸ್ತು. ಹನ್ನೆರಡು ವರ್ಷದ ರೂಢಿ, ಕೈ ತಾನ ಎದ್ದಿತು. ಆಮ್ಯಾಲ ನೋಡಿದ್ರ ನೀವು. ಎತ್ತಿದ ಕೈ ಹೆಂಗ ಇಳಸ್ಲಿ? ಮರುದಿನಾ ಹೊಡೀಲಿಲ್ಲಂದ್ರ ನಿಮಗ ಕೆಟ್ಟ ಅನಸ್ತದ. ಅದಕ್ಕ ನಡಸ್ಕೊಂಡ್ ಬಂದೆ.”

ಅವನ ದನಿಯಲ್ಲಿ ಹಂಗಿಸುವ ಭಾವವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಗೊಂದು ಮಾತು ಕೇಳಿದ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ.

“ನೀವು ಹದಿನೈದು ದಿನದಿಂದ ಹಾಕ್ಕೊಂಡು ತಿರಗ್ಯಾಡಾಕತ್ತೀರಿ. ಎಲ್ಲಿಂದ ತಂದ್ರಿ ಅಂತ ನಿಮ್ಮನ್ನ ಯಾರೂ ಕೇಳಲಿಲ್ಲೇನ್ರಿ?”

ಕೇಳಿರಲಿಲ್ಲ. ಒಬ್ಬರೂ ಕೇಳಿರಲಿಲ್ಲ. ಹಳೇ ಮಾಲಿನ ಬಜಾರಿನಿಂದ ತಂದವನು ನಾನು. ಸಾಹೇಬನ ಕೈಯಿಂದಲೇ ಪಡೆದವನು ಅವನು. ಚೌಕಿಯಲ್ಲಿ ಕೂತದ್ದು ಅವನು. ಸರಳ ಜೀವನದ ಅಧ್ಯಕ್ಷನಾದದ್ದು ನಾನು.

ಮನೆಗೆ ಬಂದು ಸುಶೀಲಾಳಿಗೆ ಎಲ್ಲ ಹೇಳಿದೆ. ಅವಳು ಕೋಟು ತೆಗೆದುಕೊಂಡು, ಒಳಜೇಬು ಹೊರಳಿಸಿ, ಆ ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಅದನ್ನು ಬಿಚ್ಚಿ ಬೂದಿ ದಾರದಿಂದ ಹೊಲಿಯಬೇಕೆಂದು ವಾರದಿಂದ ಹೇಳುತ್ತಿದ್ದಳು. ಈಗ ಆ ಮಾತೆತ್ತಲಿಲ್ಲ.

“ಹೊಳ್ಳಿ ಕೊಟ್ಟುಬಿಡ್ರಿ,” ಎಂದಳು.

“ಮುಂದಿನ ಟೇಬಲ್?”

ಅವಳಿಗೂ ಆ ಟೇಬಲ್ ಬೇಕಾಗಿತ್ತು. ಪೈಪಿನ ಕೋಣೆಯ ಧೂಳಿಗೆ ನಾನು ಏಳು ವರ್ಷ ಕೆಮ್ಮಿದ್ದನ್ನು ಪಕ್ಕದಲ್ಲಿ ಮಲಗಿ ಕೇಳಿದವಳು ಅವಳೇ.

“ಕೇಳ್ರಿ ಮೊದಲ ಅವರನ್ನ,” ಎಂದಳು ಕೊನೆಗೆ.

ಕೇಳಿದೆ. ಸಿದ್ರಾಮ ಗಾಬರಿಯಾದ. ಬೇಡವೇ ಬೇಡ, ಕೋಟು ತೆಗೆದುಕೊಂಡು ಮತ್ತೆ ಟ್ರಂಕಿನಲ್ಲಿಡಬೇಕು, ಹೆಂಡತಿ ಕೊಡ ಬಿಡುವುದಿಲ್ಲ ಎಂದ. ಹೋಗುತ್ತ ಹೋಗುತ್ತ ಬಾಗಿಲಲ್ಲಿ ನಿಂತ.

“ಒಂದ್ ಫೋಟೋ ತೆಗಿಸ್ಕೋಬೇಕಂತ ಭಾಳ ಇತ್ರಿ. ಆಗ ಆಗಲಿಲ್ಲ.”

ಮುಂದಿನ ರವಿವಾರವೇ ಹೋದೆವು. ಬೋರಿಬಂದರಿನ ಹತ್ತಿರ, ನಮ್ಮ ಆಫೀಸಿನ ದಾರಿಯಲ್ಲೇ ಒಂದು ಫೋಟೋ ಸ್ಟುಡಿಯೋ ಇದೆ. ನಾನು ಕೋಟು, ಪ್ಯಾಂಟು, ಟೈ, ಬೂಟು ಎಲ್ಲ ಗಂಟು ಕಟ್ಟಿಕೊಂಡು ಒಯ್ದೆ. (ಬರೀ ಕೋಟಾದರೆ ಮತ್ತೆ ಆ ಪೊಲೀಸಿನವನ ಕಥೆಯೇ.) ನನ್ನ ಮೈಮೇಲೆ ಧೋತರ ಮತ್ತು ಆ ಪರದೆಯ ಬುಶ್ ಶರ್ಟು. ಸಿದ್ರಾಮ ಒಳಗೆ ಹೋಗಿ ಬಟ್ಟೆ ಬದಲಾಯಿಸಿ ಹೊರಗೆ ಬಂದ.

ನಾನು ಎದ್ದು ನಿಂತೆ. ಯೋಚಿಸಿ ಎದ್ದದ್ದಲ್ಲ. ನರೆತ ಮೀಸೆ, ನೆಟ್ಟಗಿನ ಬೆನ್ನು, ಬೂದಿ ಬಣ್ಣದ ಕೋಟು. ನಮ್ಮ ಸಾಹೇಬರಿಗಿಂತ ಸಾಹೇಬನಂತಿದ್ದ. ಬೇಡವೆಂದರೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು; ಇದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಫೋಟೋದವನು ಕುರ್ಚಿಯ ಧೂಳು ಒರೆಸಿ, “ಆಯಿಯೆ ಸಾಹಬ್” ಎಂದು ಅವನನ್ನು ಕೂರಿಸಿದ. ಗದ್ದ ಎತ್ತಿ ಸರಿಮಾಡಿದ. ಆಮೇಲೆ ನನ್ನ ಕಡೆ ನೋಡಿ, ಎಲೆಗಳ ಶರ್ಟನ್ನು ಮೇಲಿಂದ ಕೆಳಗೆ ಅಳೆದು, ಸಿದ್ರಾಮನನ್ನೇ ಕೇಳಿದ:

“ನೌಕರ್ ಕೋ ಪೀಛೆ ಖಡಾ ಕರೇಂ, ಸಾಹಬ್?”

ನೌಕರನನ್ನು ಹಿಂದೆ ನಿಲ್ಲಿಸಲೇ ಎಂದು. ಕುರ್ಚಿಯ ಹಿಂದೆ ಆಳನ್ನು ನಿಲ್ಲಿಸಿದರೆ ಫೋಟೋಕ್ಕೊಂದು ತೂಕ ಬರುತ್ತದಂತೆ. ನಾನು ಬಾಯಿ ತೆರೆಯುವ ಮೊದಲೇ ಸಿದ್ರಾಮ ತನ್ನ ಹಿಂದಿಯಲ್ಲಿ ಹೇಳಿದ:

“ನೌಕರ್ ನಹೀಂ. ಹಮಾರಾ ದೋಸ್ತ್ ಹೈ.”

ಹದಿನೈದು ದಿನ ಅವನ ಸಲಾಮು ತಿಂದವನು ನಾನು. ಆ ದಿನಗಳಲ್ಲಿ ಯಾರಾದರೂ ನನ್ನೆದುರು ಅವನನ್ನು ತೋರಿಸಿ ಇವನಾರು ಎಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ನಿಮಗೂ ಗೊತ್ತು, ನನಗೂ ಗೊತ್ತು.

ಫೋಟೋ ಮುಗಿದದ್ದೇ ಸಿದ್ರಾಮ ಕೋಟಿನ ಗುಂಡಿಗೆ ಕೈ ಹಾಕಿದ. “ಇರಲಿ, ಮನೀತನಾ ಹಾಕ್ಕೊಂಡು ಬಾ,” ಎಂದೆ. ಸುಶೀಲಾ ಊಟಕ್ಕೆ ಕರೆದುಕೊಂಡು ಬರಲು ಹೇಳಿದ್ದಳು. ಅವನು ಹಿಂದೆ ಮುಂದೆ ನೋಡಿದ.

“ಯಾರರೆ ಹಿಡದ್ರ?”

“ನಾ ಜೋಡಿ ಇರ್ತೀನಲ್ಲ.”

ಯಾರು ಹಿಡಿದರು ಗೊತ್ತೆ? ಘಾಟ್ಕೋಪರ್‌ನಲ್ಲಿ ಇಳಿದು ಗೇಟು ದಾಟುವಾಗ ಟಿಕೆಟ್ ಕಲೆಕ್ಟರ್ ನನ್ನನ್ನು ಹಿಡಿದ. ಸಿದ್ರಾಮನಿಗೆ ದಾರಿ ಬಿಟ್ಟು, ನನ್ನ ಎದೆಗೆ ಕೈ ಅಡ್ಡ ಹಿಡಿದು, “ಏ, ಟಿಕೆಟ್” ಎಂದ. ಬುಶ್ ಶರ್ಟಿನ ಜೇಬು ಮುಟ್ಟಿಕೊಂಡೆ. ಪಾಸು ಇರಲಿಲ್ಲ. ದಿನದ ರೂಢಿಯಂತೆ ಅದು ಕೋಟಿನ ಒಳಜೇಬಿನಲ್ಲೇ ಉಳಿದಿತ್ತು. ಕೋಟು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು.

“ಪಾಸ್ ಉಸ್ ಕೋಟ್ ಮೇಂ ಹೈ,” ಎಂದೆ. ಪಾಸು ಆ ಕೋಟಿನಲ್ಲಿದೆ ಎಂದರೆ ಯಾರು ನಂಬುತ್ತಾರೆ? ಕಲೆಕ್ಟರ್ ನಕ್ಕ. ಆ ನಗೆಯನ್ನು ನಾನು ನೋಡಿರಲಿಲ್ಲ. ಆದರೆ ಅದರ ವಿಷಯ ಕೇಳಿದ್ದೆ.

ಸಿದ್ರಾಮ ಹಿಂತಿರುಗಿ ಬಂದ. ಒಳಜೇಬಿನಿಂದ ಪಾಸು ತೆಗೆದು ತೋರಿಸಿ, ನನ್ನ ಭುಜದ ಮೇಲೆ ಕೈಯಿಟ್ಟು, “ಇನ್ ಕೋ ಛೋಡ್ ದೋ, ಅಪನಾ ಆದ್ಮಿ ಹೈ,” ಎಂದ. ನಮ್ಮವ, ಬಿಡಿ ಎಂದು. ಅವನ ಊರಿನ ಪಾಟೀಲ ಅವನಿಗೆ ಮಾಡಿದ ಉಪಕಾರವನ್ನು ಅವನು ನನಗೆ ಮಾಡಿದ. ಆದರೆ ದಾರಿಯಲ್ಲಿ ಬೈಯಲಿಲ್ಲ.

ಸುಶೀಲಾ ಹೋಳಿಗೆ ಮಾಡಿದ್ದಳು. ಸಿದ್ರಾಮ ಕೋಟು ಬಿಚ್ಚಿ ಮಡಚಿ ಪೆಟ್ಟಿಗೆಯ ಮೇಲಿಟ್ಟು ಊಟಕ್ಕೆ ಕೂತ. ಎರಡನೆಯ ಹೋಳಿಗೆ ಬಡಿಸುವಾಗ ಅವಳು, “ಒಳಗಿನ ಹೊಲಿಗಿ ಭಾಳ ಗಟ್ಟಿ ಹಾಕೀರಿ, ಅಣ್ಣಾರ,” ಎಂದಳು. ಅವನು ತಲೆಯೆತ್ತದೆ, “ಹೌದ್ರಿ ಅಕ್ಕಾರ, ಒಂದ ತಾಸು ಹಿಡೀತು,” ಎಂದ. ಹೋಗುವಾಗ ಕೋಟನ್ನು ಅಲ್ಲೇ ಬಿಟ್ಟು ಹೋದ. ಸೋಮವಾರದಿಂದ ಕೋಟು ನನ್ನ ಮೈಮೇಲೆ, ನಾನು ಮುಂದಿನ ಟೇಬಲ್ಲಿನಲ್ಲಿ. ಸಲಾಮು ಬೇಡವೆಂದು ನಾನೇ ಹೇಳಿದೆ. ಈಗ ನಾನು ಒಳಗೆ ಬಂದರೆ ಅವನು ನಗುತ್ತಾನೆ, ನಾನೂ ನಗುತ್ತೇನೆ. ಅವನ ನಗುವನ್ನೂ ನಾನು ಏಳು ವರ್ಷದಲ್ಲಿ ನೋಡಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಫೋಟೋ ಬಹಳ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ ಸ್ಟುಡಿಯೋದವನು ಸಿದ್ರಾಮನನ್ನು ಕೇಳಿ, ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ರಸ್ತೆಯ ಕಡೆಯ ಗಾಜಿನ ಕಿಟಕಿಯಲ್ಲಿ ನಡುಮಧ್ಯೆ ಇಟ್ಟ. ಒಂದು ಕಡೆ ಪಾರ್ಸಿ ಮದುಮಗಳು, ಇನ್ನೊಂದು ಕಡೆ ಪದವಿ ನಿಲುವಂಗಿಯ ಬ್ಯಾರಿಸ್ಟರು, ನಡುವೆ ಜತ್ತದ ಸಿದ್ರಾಮ. ಹೋಗುವವರು ಬರುವವರು ನಿಂತು ನೋಡುತ್ತಾರೆ.

ಮೊನ್ನೆ ಬುಧವಾರ ನಮ್ಮ ಸಾಹೇಬರು ನನ್ನನ್ನು ಕೋಣೆಗೆ ಕರೆಸಿದರು. ಅದೇ ಹೊತ್ತಿಗೆ ಸಿದ್ರಾಮ ಅವರ ಚಹಾ ತಂದ.

“ಕುಲಕರ್ಣಿ,” ಎಂದರು ಸಾಹೇಬರು, ಅವನ ಕೈಯಿಂದ ಕಪ್ಪು ತೆಗೆದುಕೊಳ್ಳುತ್ತ. “ಸ್ಟೇಷನ್ನಿನ ಹತ್ತಿರ ಆ ಫೋಟೋ ಸ್ಟುಡಿಯೋದ ಕಿಟಕಿಯಲ್ಲಿ ಒಬ್ಬರ ಚಿತ್ರ ಇದೆ, ನೋಡಿದ್ದೀರಾ? ಗ್ರೇ ಕೋಟು. ಕಾರಿನಿಂದ ದಿನಾ ನೋಡುತ್ತೇನೆ. ವೆರಿ ಡಿಸ್ಟಿಂಗ್ವಿಷ್ಡ್. ಎಲ್ಲೋ ಭೇಟಿಯಾದ ನೆನಪು. ಬಹುಶಃ ಕ್ಲಬ್ಬಿನಲ್ಲಿ. ಯಾರೆಂದು ಸ್ವಲ್ಪ ವಿಚಾರಿಸಿ.”

ಸಿದ್ರಾಮ ಸಕ್ಕರೆಯ ಬಟ್ಟಲನ್ನು ಅವರ ಬಲಗೈಯ ಹತ್ತಿರ ಸರಿಸಿಟ್ಟು, ಖಾಲಿ ತಟ್ಟೆ ಎತ್ತಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ನಾನು ಕಂಡದ್ದೇ ದಿನಕ್ಕೆರಡು ಸಲದಂತೆ ಏಳು ವರ್ಷವಾಯಿತು. ಒಬ್ಬ ಮನುಷ್ಯನ ಮುಖ ನೆನಪಿರಬೇಕಾದರೆ ಅವನ ಕೈಯಿಂದ ಇನ್ನೆಷ್ಟು ಕಪ್ಪು ಚಹಾ ಕುಡಿಯಬೇಕು?